ಮೂರನೆಯ ಸಲ ಕೇಳಿದರೆ

ಹೋಲ್ಮ್ ಕ್ರೀಕ್, ಅಯೋವಾ
ಅಕ್ಟೋಬರ್ 14

ಪ್ರೀತಿಯ ಅರ್ಡಿಸ್‌ಗೆ,

ಕ್ಷೇಮವಾಗಿ ತಂಗಿಯ ಮನೆ ಸೇರಿದ್ದೀಯ ಎಂದುಕೊಂಡು ಬರೆಯುತ್ತಿದ್ದೇನೆ. ನಾಲ್ಕು ವರ್ಷದಿಂದ ದೂರವಿರುವ ಹೆಂಡತಿ ಫೋನು ಮಾಡಿ, ನಮ್ಮ ಕೌಂಟಿಯನ್ನು ಒಮ್ಮೆ ಸುತ್ತಿಸು ಎಂದರೆ ಗಂಡನಾದವನು ಏನೆಂದುಕೊಳ್ಳಬೇಕು? ನಾನಂತೂ ಮಂಚಕ್ಕೆ ಹೊಸ ಹೊದಿಕೆ ಹಾಸಿ ಕಾದೆ.

ಇಲ್ಲೇ ಹುಟ್ಟಿದವಳಿಗೆ ಊರು ತೋರಿಸುವುದು ತಮಾಷೆಯೇ ಸರಿ. ನೀನು ಓದಿದ ಒಂದೇ ಕೋಣೆಯ ಶಾಲೆ ಈಗ ಮ್ಯೂಸಿಯಂ. ನಿನ್ನ ಡೆಸ್ಕಿಗೆ ಹಗ್ಗ ಕಟ್ಟಿ, ಮುಟ್ಟಬೇಡಿ ಎಂದು ಬರೆದಿದ್ದಾರೆ. ನೀನು ನಕ್ಕೆ, ನನಗೆ ಸಂಕಟವಾಯಿತು. ಹೆದ್ದಾರಿ ಪಕ್ಕದ ಮನೆಯೆತ್ತರದ ಫೈಬರ್ ಕಾಡುಕೋಳಿ ಬೊಂಬೆಯ ಮುಂದೆ ಫೋಟೋ ತೆಗೆಸಿಕೊಳ್ಳೋಣ ಎಂದರೆ ನೀನೊಬ್ಬಳೇ ಹೋಗಿ ನಿಂತೆ.

ಕೆಫೆ ನಡೆಸುವ ಐಲೀನ್ ಬಾಯಿ ಸುಮ್ಮನಿರುತ್ತದೆಯೇ? “ಏನಪ್ಪಾ ವೆಂಡೆಲ್, ಇವತ್ತು ಅಂಗಿ ಇಸ್ತ್ರಿ ಕಂಡಿದೆ! ವಾರಕ್ಕೊಂದ್ಸಲ ಬಾರಮ್ಮ ಅರ್ಡಿಸ್, ಇವನು ಮನುಷ್ಯನ ಥರ ಕಾಣ್ತಾನೆ” ಎಂದು ಸೇಬಿನ ಪೈ ತಂದಳು. ನಾವು ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ತೆಗೆದುಕೊಂಡೆವು. ಮೊದಲ ಸಲಕ್ಕೇ ಹೂಂ ಎಂದವನನ್ನು ಈ ಕೌಂಟಿಯಲ್ಲಿ ಹಸಿದುಬಿದ್ದವನು ಅನ್ನುತ್ತಾರೆ.

ಆಮೇಲೆ ನಿನ್ನ ಕಾರಿನ ಬಳಿ ನೀನು ಕೇಳಿದೆ. “ಚಳಿಗಾಲ ಕಳೆಯೋವರೆಗೂ ಇಲ್ಲೇ ಇರ್ಲಾ?”

ಇದು ಮೊದಲ ಸಲ ಎಂದುಕೊಂಡೆ. “ಅಯ್ಯೋ, ನನಗೋಸ್ಕರ ನೀನ್ಯಾಕೆ ತೊಂದ್ರೆ ತಗೋತೀಯ?”

“ನಿಜವಾಗ್ಲೂ ಬೇಡ್ವಾ?”

“ಹೇಗೋ ನಡೀತಿದೆ ಬಿಡು” ಎಂದೆ, ಮೂರನೆಯ ಸಲಕ್ಕೆಂದು ನಾಲಿಗೆಯ ತುದಿಯಲ್ಲಿ ಹೂಂ ಇಟ್ಟುಕೊಂಡು. ನೀನು ತಲೆಯಾಡಿಸಿ ಕಾರು ಹತ್ತಿದೆ. ಹಿಂದೆಯೇ ಓಡಿಬರಬೇಕಿತ್ತು. ಪೆದ್ದನ ಹಾಗೆ ಕೈಬೀಸುತ್ತ ನಿಂತೆ.

ನನ್ನ ಬಾಯಿಗೆ ಬೆಂಕಿ ಬೀಳಲಿ. ಪೇಟೆಯಲ್ಲಿದ್ದು ನಮ್ಮ ರೀತಿ ಮರೆತಿದ್ದೀಯ, ನನ್ನ ಮಾತನ್ನೇ ನಿಜವೆಂದು ನಂಬಿದ್ದೀಯ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ: ಬಾ ಅರ್ಡಿಸ್. ಚಳಿಗಾಲಕ್ಕಲ್ಲ, ಇದ್ದುಬಿಡಲು ಬಾ. ನೀನಿಲ್ಲದೆ ನನಗೆ ಆಗುತ್ತಿಲ್ಲ.

ಇಂತಿ ನಿನ್ನವನೇ ಆದ,
ವೆಂಡೆಲ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ತಂಗಿ ಫೋನು ಮಾಡಿದ್ದಳು. ನೀನು ತಲುಪಿದ್ದೀಯಂತೆ, ಸಂತೋಷ. ನೀನು ಯಾಕೆ ಇಲ್ಲಿ ಉಳಿಯಲಿಲ್ಲವೆಂದು ನಾನೇ ಕೇಳಿದೆ. “ಇಲ್ಲಿಂದ ಹೊರಡೋವಾಗ್ಲೇ ಅಂದಿದ್ಳು ಭಾವ, ಇರ್ಲಾ ಅಂತ ಮರ್ಯಾದೆಗೆ ಎರಡು ಸಲ ಕೇಳ್ತೀನಿ, ಮೂರನೇ ಸಲ ಕೇಳಲ್ಲ ಅಂತ” ಎಂದಳು. ಬರೆದದ್ದು ಬರೆದಾಯಿತು, ಅಂಚೆಗೆ ಹಾಕುತ್ತೇನೆ. ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡ.