ಆಗಸ್ಟಿನಲ್ಲಿ ನಮ್ಮ ಮನೆ

ಆಗಸ್ಟ್ 1
ಮತ್ತೆ ಮಾಳಿಗೆ. ಹಾಸಿಗೆ ಎರಡು, ಸ್ಟವ್ ಒಂದು, ಫ್ಯಾನು, ಗೋಧಿ ರವೆಯ ಕುಸ್ಕುಸ್ ಮಾಡುವ ನನ್ನ ಜರಡಿಗಳು. ಮೆಟ್ಟಿಲು ಹತ್ತಿ ಹತ್ತಿ ಸಾಕಾಯಿತು. ಟ್ಯುನೀಸಿಯಾದ ಈ ಕಡಲೂರು ಕೆಲಿಬಿಯಾದಲ್ಲಿ ಅರ್ಧ ಊರಿಗೆ ಇದೇ ಗತಿ. ಬೇಸಿಗೆ ಬಂತೆಂದರೆ ಮನೆ ರಜೆಗೆ ಬಂದವರಿಗೆ ಬಾಡಿಗೆಗೆ, ಮನೆಯವರು ಮಾಳಿಗೆಗೆ, ಇಲ್ಲವೇ ಗ್ಯಾರೇಜಿಗೆ.

ನಮ್ಮ ಕೆಳಮನೆಗೆ ಈ ಸಲವೂ ಅದೇ ಬುಜಮಾ ಸಂಸಾರ, ಗಡಿ ದಾಟಿ ಅಲ್ಜೀರಿಯಾದ ಅನ್ನಾಬಾದಿಂದ. ಬೆಳಿಗ್ಗೆ ಕಾರು ನಿಂತಿತೋ ಇಲ್ಲವೋ, ಬುಜಮಾನ ಹೆಂಡತಿ ನುವಾರಾ ನೇರ ನನ್ನ ಅಡುಗೆಮನೆಗೆ.

"ದಲೆಂದಾ ಅಕ್ಕಾ! ಉಪ್ಪಿನ ಡಬ್ಬಿ ಎಲ್ಲಿಟ್ಟೆ? ಜಾಗ ಬದಲಾಯಿಸಿದೀಯ!"

"ನನ್ನ ಮನೆ, ನನ್ನ ಉಪ್ಪು ಕಣೇ!"

"ಹನ್ನೊಂದು ತಿಂಗಳು ನಿಂದು. ಈಗ ನಂದು, ಸುಮ್ನೆ ಮೇಲೆ ಹೋಗು!"

ನಗು ಬಂತು. ಸ್ವಲ್ಪ ಉರಿಯೂ ಬಂತು.

ಆಗಸ್ಟ್ 4, ಮಧ್ಯಾಹ್ನ
ಕುಸ್ಕುಸ್ ಹೊಸೆದು ಬಟ್ಟೆಯ ಮೇಲೆ ಹರವಿದೆ. ಕೈಗೆ ಕೆಲಸ, ಕಿವಿಗೆ ಕೆಳಗಿನ ಮನೆ. ನುವಾರಾ ಅಡುಗೆಮನೆಯಲ್ಲಿ ಹಾಡುತ್ತಾಳೆ. ನಾನು ಅಲ್ಲಿ ಒಂದು ದಿನವೂ ಹಾಡಿದವಳಲ್ಲ. ಸಮುದ್ರದ ಕಡೆಯ ಬಾಗಿಲು, ಅಂಗಳದ ಬಾಗಿಲು, ಎರಡೂ ಹಗಲಿಡೀ ಹಾರುಹೊಡೆದಿರುತ್ತವೆ. ಮರಳು ಬರುತ್ತದೆಂದು ಸಮುದ್ರದ ಬಾಗಿಲನ್ನು ನಾನು ತೆಗೆಯುವುದೇ ಇಲ್ಲ. ಇಳಿದು ಹೋಗಿ ಮುಚ್ಚಿಬಿಡಲೇ ಅನಿಸಿತು. ಹೇಗೋ ತಡೆದುಕೊಂಡೆ.

ರಜೆ ಅಂದರೆ ಈ ಬಾಡಿಗೆಯವರು ಏನು ಮಾಡುತ್ತಾರೆ? ತಿನ್ನುತ್ತಾರೆ, ಮಲಗುತ್ತಾರೆ, ನೀರಿಗೆ ಹೋಗುತ್ತಾರೆ, ಮತ್ತೆ ತಿನ್ನುತ್ತಾರೆ. ಅಷ್ಟಕ್ಕೇ ಮುಖ ಹೀಗೆ ಅರಳುತ್ತದೆಯೇ? ನಾನಂತೂ ರಜೆಗೆಂದು ಎಲ್ಲಿಗೂ ಹೋದವಳಲ್ಲ. ಕಡಲೂರಿನವರು ಎಲ್ಲಿಗೆ ಹೋಗುವುದು?

ಆಗಸ್ಟ್ 7
ಬುಜಮಾ ಟೇಪು ಹಿಡಿದು ಅಂಗಳ ಅಳೆಯುತ್ತಿದ್ದ. ಮೇಲಿನಿಂದ ಕಂಡಿತು. ಮೊದಲು ಅಂಗಳ. ಆಮೇಲೆ ನನ್ನ ಮಲಗುವ ಕೋಣೆಯ ಕಿಟಕಿ!

ನಮ್ಮ ಯಜಮಾನರನ್ನು ಕೇಳಿದೆ. ಪಾಪಸ್ಕಳ್ಳಿ ಹಣ್ಣು ತಿನ್ನುತ್ತ ಕೂತಿದ್ದರು. ಒಂದು ಮುಗಿಸಿ, ಇನ್ನೊಂದು ಸುಲಿದು, ಬೀಜ ಉಗುಳಿ, ಆಮೇಲೆ ಬಾಯಿ ಬಿಟ್ಟರು.

"ಕೊಂಡ್ಕೊಳ್ತಾರಂತೆ."

"ಏನನ್ನ?"

"ಮನೇನ. ನಾಬೆಲ್ ಪೇಟೆಯಲ್ಲಿ ಒಂದು ಫ್ಲ್ಯಾಟ್ ನೋಡಿದೀನಿ ದಲೆಂದಾ. ಲಿಫ್ಟ್ ಇದೆ. ಇಬ್ಬರಿಗೆ ಈ ಮನೆ ಯಾಕೆ? ವರ್ಷಾ ವರ್ಷಾ ಹಾಸಿಗೆ ಹೊತ್ಕೊಂಡು ಮೇಲೆ ಕೆಳಗೆ... ಸಾಕಲ್ವಾ?"

ಮನೆ ನನ್ನ ಹೆಸರಿನಲ್ಲಿದೆ, ಅಪ್ಪ ಕೊಟ್ಟದ್ದು. ನಾನು ಸಹಿ ಹಾಕದೆ ಆಗುವುದಿಲ್ಲ. ಇವರ ಮಾತಿನಲ್ಲಿ ತಪ್ಪೂ ಕಾಣಲಿಲ್ಲ. ನೋಡೋಣ ಎಂದೆ. ಆ ‘ನೋಡೋಣ’ವನ್ನು ಇವರು ‘ಆಯಿತು’ ಎಂದೇ ತೆಗೆದುಕೊಂಡರು.

ಆಗಸ್ಟ್ 13
ಬರೆಯಲು ಮನಸ್ಸಿರಲಿಲ್ಲ. ಮನೆ ಪತ್ರಕ್ಕೆ ಸಹಿ ಹಾಕಲು ಬುಧವಾರ ನೋಟರಿಯ ಬಳಿ ಹೋಗಬೇಕಂತೆ.

ನುವಾರಾ ಇವತ್ತು ತಾನಾಗಿ ಮೇಲೆ ಬಂದು ಜರಡಿ ಹಿಡಿದಳು.

"ಅಕ್ಕಾ, ನಿಜ ಹೇಳು. ಚಳಿಗಾಲದಲ್ಲಿ ಹೇಗಿರುತ್ತೆ ಈ ಮನೆ? ನಾನು ಆಗಸ್ಟ್ ಬಿಟ್ಟು ಬೇರೇನೂ ನೋಡಿಲ್ಲ."

ಹೆದರಿಸಿ ಓಡಿಸಬೇಕೆಂದೇ ಶುರು ಮಾಡಿದೆ. ಜನವರಿಯಲ್ಲಿ ಹಾಸಿಗೆ ಒದ್ದೆ ಒದ್ದೆ. ಉಪ್ಪುಗಾಳಿಗೆ ಬಾಗಿಲ ಕೀಲುಗಳು ತುಕ್ಕು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಬಿರುಗಾಳಿಯ ದಿನ ಮನೆಯೇ ಗುಂಯ್‌ಗುಡುತ್ತದೆ, ಇಬ್ಬರೂ ಅಡುಗೆಮನೆಯಲ್ಲಿ ಕೆಂಡದ ಒಲೆಯ ಪಕ್ಕ ಕೂತು ಚಹಾ ಕುಡಿಯುತ್ತೇವೆ. ಮಾರ್ಚಿನಲ್ಲಿ ಕಿತ್ತಳೆ ಹೂವಿನ ವಾಸನೆ ಅಂಗಳಕ್ಕೆ ಬಂದು ಕೂತುಬಿಡುತ್ತದೆ, ಹೋಗು ಎಂದರೂ ಹೋಗುವುದಿಲ್ಲ. ಹೇಳುತ್ತ ಹೇಳುತ್ತ ನನಗೇ ನಿಲ್ಲಿಸಲಾಗಲಿಲ್ಲ.

"ಮನೆ ಮಾರೋರ ಥರ ಇಲ್ಲ ನಿನ್ನ ಮಾತು," ಎಂದಳು. "ಮಗಳನ್ನ ಗಂಡನ ಮನೆಗೆ ಕಳಿಸೋ ಥರ ಇದೆ."

ನಾನು ಅವಳ ಜರಡಿಗೆ ಇನ್ನಷ್ಟು ಹಿಟ್ಟು ಸುರಿದೆ.

"ಸರಿ, ಆಗಸ್ಟ್ ಹೇಗಿರುತ್ತೆ ಹೇಳು?"

ಬಾಯಿ ತೆರೆದೆ. ಏನೂ ಹೊಳೆಯಲಿಲ್ಲ. ಮದುವೆಯಾದ ಮರುವರ್ಷದಿಂದ ಒಂದು ಆಗಸ್ಟಿನಲ್ಲೂ ನಾನು ನನ್ನ ಮನೆಯಲ್ಲಿ ಇದ್ದವಳಲ್ಲ! ನುವಾರಾ ಹಿಟ್ಟಿನ ಕೈಯಿಂದಲೇ ಕೆನ್ನೆ ಹಿಡಿದುಕೊಂಡು ನಕ್ಕಳು.

"ನಾಳೆ ಊಟ ಆದ್ಮೇಲೆ ನಾವು ಬೀಚಿಗೆ ಹೋಗ್ತೀವಿ. ಬಂದು ನಿನ್ನ ಮಂಚದ ಮೇಲೆ ಮಲ್ಕೋ. ಬಾಗಿಲು ಮಾತ್ರ ಮುಚ್ಚಬೇಡ. ನಿನ್ನ ಚಾಳಿ ನಂಗೊತ್ತು."

ಆಗಸ್ಟ್ 14, ಸಂಜೆ
ಮಲಗಿದೆ. ಕಳ್ಳಿಯಂತೆ, ಚಪ್ಪಲಿ ಕೈಯಲ್ಲಿ ಹಿಡಿದು ಹೋದೆ. ನನ್ನ ಮಂಚ, ಅವರ ಚಾದರ. ನಾಲ್ಕರ ಹೊತ್ತಿಗೆ ಗಾಳಿ ತಿರುಗಿತು. ಸಮುದ್ರದ ಬಾಗಿಲಿಂದ ಒಳಗೆ ಬಂದು, ಪಡಸಾಲೆ ದಾಟಿ, ನನ್ನ ಕಾಲು ಸವರಿಕೊಂಡು ಅಂಗಳಕ್ಕೆ ಹೋಯಿತು. ಮತ್ತೆ ಬಂತು. ದೂರದಲ್ಲಿ ಈಜುವ ಮಕ್ಕಳ ಕೂಗು. ತಂಪೆಂದರೆ ತಂಪು. ಮೇಲೆ ಕಾದ ಸಿಮೆಂಟಿನ ಮೇಲೆ ಇಷ್ಟು ವರ್ಷ ಬೆಂದೆನಲ್ಲ! ಅಳು ಬಂತು. ಅತ್ತುಬಿಟ್ಟೆ. ಆಮೇಲೆ ಗಾಢ ನಿದ್ದೆ.

ಕೊಡುವುದಿಲ್ಲ. ಈ ಮನೆಯನ್ನು ನಾನು ಇನ್ನೂ ಪೂರ್ತಿ ನೋಡೇ ಇಲ್ಲ.

ಆಗಸ್ಟ್ 16
ನುವಾರಾಗೆ ಮೊದಲು ಹೇಳಿದೆ, ಅವಳ ಗಂಡನ ಎದುರಿಗೇ. ಬುಜಮಾ ಟೇಪು ಜೇಬಿಗಿಟ್ಟುಕೊಂಡು ಹೊರಗೆ ಹೋದ. ಅವಳ ಮುಖ ಸಣ್ಣದಾಯಿತು. ಆಸೆ ಪಟ್ಟಿದ್ದಳು, ಪಾಪ. "ಮಂಚದ ಮೇಲೆ ಮಲಗಿಸಿ ನಾನೇ ಕೆಟ್ಟೆ," ಎಂದಳು. "ಹೋಗ್ಲಿ, ಬರೋ ವರ್ಷ ಮಾಳಿಗೆನಾದ್ರೂ ನಮಗೆ ಬಾಡಿಗೆಗೆ ಕೊಡ್ತೀಯಾ?"

ಇವರಿಗೆ ಊಟವಾದ ಮೇಲೆ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

"ಫ್ಲ್ಯಾಟಿನವನಿಗೆ ಮಾತು ಕೊಟ್ಟಿದೀನಿ."

"ನನ್ನ ಕೇಳಿ ಕೊಟ್ರಾ?"

ಕಡಲ ಕಡೆ ತಿರುಗಿ ಕೂತರು. ಆಮೇಲೆ, "ಅಂಥದ್ದೇನಿದೆ ಕೆಳಗೆ?"

"ಹೋಗಿ ಮಲಗಿ ನೋಡಿ. ಅವರೆಲ್ಲ ಬೀಚಿಗೆ ಹೋಗಿದಾರೆ."

ಈಗ ಮಲಗಿದ್ದಾರೆ. ನೆಂಟರ ಮನೆಗೆ ಬಂದವರ ಹಾಗೆ ಅಂಗಿಯನ್ನೂ ಬಿಚ್ಚದೆ, ಎದೆಯ ಮೇಲೆ ಕೈ ಕಟ್ಟಿಕೊಂಡು. ನಾನು ಕಾಲ ಬಳಿ ಕುರ್ಚಿಯಲ್ಲಿ ಬರೆಯುತ್ತ ಕೂತಿದ್ದೇನೆ. ಗಾಳಿಗೆ ಪರದೆ ಎದ್ದಿತು. ಇವರು ತಲೆಯೆತ್ತಿ ಬಾಗಿಲ ಕಡೆ ನೋಡಿದರು.

"ಎಲ್ಲಿತ್ತೇ ಇದು ಇಷ್ಟು ವರ್ಷ?"

"ಇಲ್ಲೇ."

ಕಟ್ಟಿದ ಕೈ ಸಡಿಲವಾಗಿ ಪಕ್ಕಕ್ಕೆ ಬಿತ್ತು. "ದಲೆಂದಾ... ಬರೋ ಆಗಸ್ಟಿಗೆ ನಾವು..."

ಅಷ್ಟಕ್ಕೇ ಗೊರಕೆ. ನಾವು ಏನು? ಎಬ್ಬಿಸಿ ಕೇಳಲೇ? ಬೇಡ, ಇನ್ನೊಂದು ಸ್ವಲ್ಪ ಹೊತ್ತು ಮಲಗಲಿ.