ಒಳಗೆ ಬರ್ಬಹುದೇನಪ್ಪಾ?

ಜೂನ್ ೨೮, ಶನಿವಾರ. ಬ್ರಾನ್‌ಸ್ಟನ್.

ಆ ಅಜ್ಜಿ ಹಾಗೆ ಕೇಳಬಾರದಿತ್ತು.

ವರ್ಷದ ದೋಣಿ ಮೇಳಕ್ಕೆ ಕಾಲುವೆಯ ತುಂಬ ಹಳೆಯ ಸರಕುದೋಣಿಗಳು ಸೇರಿದ್ದವು. ನಾನು ನನ್ನ ದೋಣಿಯ ಹಿತ್ತಾಳೆ ಪಟ್ಟಿಗಳನ್ನು ತಿಕ್ಕುತ್ತಿದ್ದೆ. "ಸಾಕು ಬಿಡೋ, ಸವೆದು ಹೋದೀತು!" ಎಂದು ಪಕ್ಕದ ದೋಣಿಯ ಕ್ಲೈವ್ ರೇಗಿಸಿದ. ಅಷ್ಟರಲ್ಲಿ ದಂಡೆಯಿಂದ ದನಿ ಬಂತು: "ಒಳಗೆ ಬರ್ಬಹುದೇನಪ್ಪಾ? ನಾನು ಎಡ್ನಾ. ನಮ್ಮಪ್ಪ ಸರಕು ಸಾಗಿಸ್ತಿದ್ದಾಗ ಇದೇ ನಮ್ಮ ಮನೆ; ಹುಟ್ಟಿದ್ದು ಇದರಲ್ಲೇ."

ಕೇಳದೆ ಇನ್ನೊಬ್ಬರ ದೋಣಿಗೆ ಕಾಲಿಡುವುದು ದೋಣಿಯವರ ರೀತಿಯಲ್ಲ, ಗೊತ್ತು. ಆದರೂ ಹುಟ್ಟಿದ ಮನೆಗೆ ಬರಲು ನನ್ನ ಅಪ್ಪಣೆಯೇ?

"ಬನ್ನಿ ಅಜ್ಜಿ, ನಿಮ್ಮದೇ ಮನೆ," ಎಂದೆ.

ದೋಣಿಯ ಪುಟ್ಟ ಕೋಣೆಯಲ್ಲಿ ಒಲೆಯ ಪಕ್ಕ ಕೂತು ಸುತ್ತ ನೋಡಿದರು. "ಇಷ್ಟು ಥಳಥಳ ಇರ್ಲಿಲ್ಲ ಕಣಪ್ಪ. ಏಳು ಮಕ್ಕಳು, ಅಮ್ಮಂಗೆ ಪುರುಸೊತ್ತೆಲ್ಲಿ?" ಎಂದು ನಕ್ಕರು.

ಹೊರಡುವಾಗ ಮಾತಾಡುತ್ತಲೇ, ನೋಡದೆಯೇ, ತಗ್ಗು ಬಾಗಿಲಿಗೆ ತಲೆ ಬಗ್ಗಿಸಿದರು. ಹಿಂದೆಯೇ ಎದ್ದ ನಾನು, ಒಂಬತ್ತು ವರ್ಷದಿಂದ ಇದರ ಮಾಲೀಕ, ಅದೇ ಬಾಗಿಲಿಗೆ ಹಣೆ ಬಡಿಸಿಕೊಂಡೆ.

ಬುಗುಟು ಇನ್ನೂ ಇಳಿದಿಲ್ಲ. ಮುಟ್ಟಿಕೊಂಡರೆ ನಗು ಬರುತ್ತದೆ, ಆಮೇಲೆ ಅವರ ಮನೆಗೆ ಬರಲು ಅವರೇ ನನ್ನನ್ನು ಕೇಳಿದ್ದು ನೆನಪಾಗುತ್ತದೆ.