ಎರಡು ನಿಮಿಷ ತಡವಾದ ‘ನಿಲ್ಲು’

ನವೆಂಬರ್ ೧೩, ಗುರುವಾರ

ಇಪ್ಪತ್ತು ಎಂದು ಒತ್ತಬೇಕಾದಲ್ಲಿ ಇನ್ನೂರು ಒತ್ತಿದೆ. ಇನ್ನೂರು ಡಿಗ್ರಿ ತಿರುಗಿದರೆ ಮಂಗಳದ ಮೇಲಿರುವ ನಮ್ಮ ರೋವರ್‌ನ ಆಂಟೆನಾ ಭೂಮಿಗೆ ಬೆನ್ನು ಹಾಕುತ್ತದೆ; ಆಮೇಲೆ ನಾವು ಗಂಟಲು ಹರಿದುಕೊಂಡರೂ ಅದಕ್ಕೆ ಕೇಳಿಸದು. ತಪ್ಪು ಕಣ್ಣಿಗೆ ಬಿದ್ದದ್ದು ಆದೇಶ ಹೊರಟ ಎರಡು ನಿಮಿಷಕ್ಕೆ. ಕೂಡಲೇ ‘ನಿಲ್ಲು’ ಎಂದು ಇನ್ನೊಂದು ಕಳಿಸಿದೆ. ಆದರೆ ರೇಡಿಯೋ ಅಲೆಗಳಿಗೆಲ್ಲ ಒಂದೇ ವೇಗ. ಎರಡನೆಯದು ದಾರಿಯುದ್ದಕ್ಕೂ ಎರಡು ನಿಮಿಷ ಹಿಂದೆಯೇ.

ಹೋಗಲು ಹದಿನೈದು ನಿಮಿಷ, ಉತ್ತರ ಬರಲು ಹದಿನೈದು. ನಡುವೆ ನಾನೊಬ್ಬ, ಉಗುರು ಕಚ್ಚಲು.

“ತಿರುಗೋ ಮುಂಚೆ ಮೋಟಾರು ಬಿಸಿಯಾಗ್ಬೇಕಲ್ರೀ, ಎಷ್ಟು ಹೊತ್ತು?” ಎಂದರು ಮೇಲಧಿಕಾರಿ.

“ಅಲ್ಲಿ ಚಳಿ ಇದ್ರೆ ಮೂರು ನಿಮಿಷ ಸಾರ್, ಬಿಸಿಲಿದ್ರೆ ಒಂದೇ.”

“ಹಾಗಾದ್ರೆ ಚಳಿ ಇರ್ಲಿ ಅಂತ ಬೇಡ್ಕೊಳ್ಳಿ, ಕವಿಗಳೇ.” ಬಿಡುವಿನಲ್ಲಿ ನಾನು ಪದ್ಯ ಗೀಚುವುದು ಅವರಿಗೆ ಗೊತ್ತು.

ಉತ್ತರ ತಲುಪುವ ಮೊದಲೇ ಮಂಗಳ ನಮ್ಮ ದಿಗಂತದ ಕೆಳಗೆ ಮುಳುಗಿತು; ಇನ್ನು ಸಂಕೇತ ಸಿಗದು. ಮತ್ತೆ ಹುಟ್ಟುವುದು ನಾಳೆ ಬೆಳಿಗ್ಗೆ ಒಂಬತ್ತಕ್ಕೆ. ಅಲ್ಲಿ ಆಗುವುದು ಆಗಿಹೋಗಿದೆ. ಆರು ವರ್ಷ ಸಾಕಿದ್ದು ಉಳಿಯಿತೋ ಹೋಯಿತೋ ಗೊತ್ತಿಲ್ಲದೆ ಇಲ್ಲಿ ಸಿಕ್ಕಿಕೊಂಡವನು ನಾನು.

“ಮೂರು ಸಲ ಮುಚ್ಚಿದೆ, ಮೂರು ಸಲಾನೂ ತೆಗೆದ್ರಲ್ಲ! ಆ ಕಿಟಕಿ ಏನ್ ಮಾಡಿದೆ ನಿಮಗೆ?” ಎಂದು ರಾತ್ರಿ ಮನೆಯಲ್ಲಿ ಹೆಂಡತಿ ಕಂಬಳಿಯೊಳಗಿಂದ ಬೈದಳು.

ಚಳಿ ಬರಲಿ ಎಂದೆ. ಇಲ್ಲಿಯ ಚಳಿ ಅಲ್ಲಿಗೆ ಲೆಕ್ಕಕ್ಕಿಲ್ಲ ಎಂದು ನನಗೂ ಗೊತ್ತು. ಆದರೂ ಕೈಯಲ್ಲಿ ಬೇರೇನೂ ಉಳಿಯದಾಗ ಮನುಷ್ಯ ಕಿಟಕಿಯನ್ನಾದರೂ ತೆರೆದಿಡುತ್ತಾನೆ.